ಹಂಚಿಕೆಯಾಗದ ನೀರು

ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಮೂಡಣ ಹಳ್ಳಿಗಳಲ್ಲಿ ‘ನೀರು ಬಿಟ್ಟಾರ’ ಎಂದರೆ ಕಾಲುವೆಗೆ ನೀರು ಬಂದಿದೆ ಎಂದೇ ಅರ್ಥ. ಆದ್ದರಿಂದ ‘ಕೃಷ್ಣೆಯ ಹಂಚಿಕೆಯಾಗದ ನೀರು ಬಿಡುಗಡೆ’ ಎಂಬ ಒಕ್ಕಣೆ ಮೊಬೈಲಿಗೆ ಬಂದ ದಿನ ನಮ್ಮ ನೆರೆಹೊಲದ ಹಿರಿಯರು ಸಲಿಕೆ ಹಿಡಿದು ಹೊರಟರು. ಮಧ್ಯಾಹ್ನದೊಳಗೆ ಹೊಲಗಾಲುವೆಯ ಹೂಳು ತೆಗೆದು, ದಾಳಿಂಬೆ ಗಿಡಗಳಿಗೆ ಪಾತಿಯನ್ನೂ ಕಟ್ಟಿ ಮುಗಿಸಿದ್ದರು. ನೀರು ಬರಲಿಲ್ಲ; ಆ ಒಕ್ಕಣೆಯ ಸರಿಯಾದ ಅರ್ಥದಲ್ಲಿ ನೀರು ಬರುವ ಮಾತೇ ಇರಲಿಲ್ಲ. ಒಂದು ಪದದ ತಪ್ಪು ಬಳಕೆಗೆ ಎಪ್ಪತ್ತು ದಾಟಿದವರ ಒಂದು ದಿನದ ದುಡಿಮೆ ಹೋಯಿತು.

‘ಹಂಚು’ ಎಂಬುದು ಹಳಗನ್ನಡದ ‘ಪಂಚು’. ಪಾಲು ಎಂಬ ಅರ್ಥದ ‘ಪಸುಗೆ’ಯೂ ಅದೇ ಬಳಗದ ಮಾತು. ಹಂಚಿಕೆ ಎಂದ ಮೇಲೆ ಪಾಲುದಾರರಿರಬೇಕು, ಪಾಲಿನ ಅಳತೆ ಇರಬೇಕು, ಅದು ಯಾರ ಹೆಸರಿಗೆ ಎಂಬ ದಾಖಲೆಯೂ ಇರಬೇಕು. ಮರಾಠಿ ಕಾಗದಗಳಲ್ಲಿ ನಾವು ಓದುವ ‘ವಾಟಪ’ ಇದೇ. ಗೊಂದಲ ಹುಟ್ಟಿಸುವುದು ಅದೇ ಕಾಗದಗಳ ‘ಶಿಲ್ಲಕ’, ಅಂದರೆ ನಮ್ಮ ಶಿಲ್ಕು. ಶಿಲ್ಕು ಪೆಟ್ಟಿಗೆಯಲ್ಲಿ ಎಣಿಸಿ ನೋಡಬಹುದಾದ ಹಣ. ಹಂಚಿಕೆಯಾಗದ ನೀರು ಹಾಗೆ ಜಲಾಶಯದಲ್ಲಿ ಮಿಕ್ಕು ನಿಂತ ನೀರಲ್ಲ, ಮಳೆಗಾಲದಲ್ಲಿ ಹರಿದುಹೋಗುವ ನೆರೆಯೂ ಅಲ್ಲ. ಈಗಿನ ಹಕ್ಕುದಾರರ ಪಾಲನ್ನೂ ನದಿಯ ಸ್ವಂತ ಅಗತ್ಯವನ್ನೂ ಕಳೆದ ಮೇಲೆ ಲೆಕ್ಕದಲ್ಲಿ ಇನ್ನೂ ಯಾರ ಹೆಸರಿಗೂ ಬರೆಯದ ಪ್ರಮಾಣ ಅದು.

ಈ ಪದಕ್ಕೆ ಖಚಿತ ಕಾನೂನಿನ ಅರ್ಥ ಸಿಗುವುದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ. ಅಲ್ಲಿ 2000ದ ಜಲ ಕಾಯ್ದೆಯಡಿ ರೂಪಿಸಿದ ಜಲಯೋಜನೆಗಳಲ್ಲಿ ಇಂಥ ನೀರನ್ನು ಮೀಸಲು ಎಂದು ನಮೂದಿಸುತ್ತಾರೆ. ಕೃಷಿಗೋ ಉದ್ಯಮಕ್ಕೋ ಬೇಕಾದವರಿಗೆ ಟೆಂಡರ್ ಕರೆದು ಅಥವಾ ನಿಗದಿತ ಬೆಲೆಗೆ ಕೊಡುತ್ತಾರೆ. ಫ್ಲಿಂಡರ್ಸ್ ಮತ್ತು ಗಿಲ್ಬರ್ಟ್ ನದಿಗಳ ನೀರನ್ನು ಹೀಗೆಯೇ ಕೊಡಲಾಯಿತು. ಅಲ್ಲಿ ‘ಬಿಡುಗಡೆ’ ಆಗುವುದು ಹಕ್ಕು, ಯಾವ ಗೇಟೂ ತೆರೆಯುವುದಿಲ್ಲ. ಹಕ್ಕು ಪಡೆದವನು ಪಂಪು, ಕೆರೆಗಳನ್ನು ತಾನೇ ಮಾಡಿಕೊಳ್ಳಬೇಕು.

ಕೃಷ್ಣೆಯ ಕಥೆ ಬೇರೆ. ನೂರು ವರ್ಷಗಳಲ್ಲಿ 75 ವರ್ಷ ಸಿಗುವ 2060 ಟಿಎಂಸಿಯನ್ನು (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ರಾಜ್ಯಗಳ ನಡುವಿನ ಕೃಷ್ಣಾ ಜಲವಿವಾದಕ್ಕಾಗಿ ನೇಮಕವಾಗಿದ್ದ ಬಚಾವತ್ ನ್ಯಾಯಮಂಡಳಿ 1973ರಲ್ಲಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಎಂದು ಪೂರ್ತಿಯಾಗಿ ಹಂಚಿತು. ಅದಕ್ಕೂ ಮೀರಿ ಹರಿದುಬರುವ ನೀರನ್ನು ಆಂಧ್ರ ಬಳಸಬಹುದು, ಆದರೆ ಬಳಸಿದ ಮಾತ್ರಕ್ಕೆ ಅದರ ಮೇಲೆ ಹಕ್ಕು ಹುಟ್ಟದು ಎಂದೂ ಹೇಳಿತು. ಬಳಕೆ ಬೇರೆ, ಹಕ್ಕು ಬೇರೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಮಾತು ಕಣ್ಣೆದುರಿಗಿರುವಾಗ ಎರಡನ್ನೂ ‘ಹೆಚ್ಚುವರಿ ನೀರು’ ಎಂಬ ಒಂದೇ ಚೀಲಕ್ಕೆ ತುಂಬುವುದು ಸಲ್ಲದು.

ಮ್ಹೈಸಾಳ ಏತ ನೀರಾವರಿಯ ಪಂಪುಗಳು ಎತ್ತಿ ಕಳಿಸುವ ನೀರಿಗೆ ನಮ್ಮಲ್ಲಿ ಆಗಲೇ ‘ಆವರ್ತನ’, ಅಂದರೆ ಸರದಿಯಂತೆ ಕಾಲುವೆಗೆ ಬಿಡುವ ನೀರು, ಎಂಬ ಮಾತಿದೆ. ಆವರ್ತನದ ಸುದ್ದಿ ಬಂದ ದಿನ ಹೂಳು ತೆಗೆಯೋಣ. ‘ಹಂಚಿಕೆಯಾಗದ ನೀರು’ ಎಂದು ಯಾರಾದರೂ ಬರೆದು ಕಳಿಸಿದರೆ, ಎಷ್ಟು ಟಿಎಂಸಿ, ಯಾರ ಹೆಸರಿಗೆ, ಯಾವ ಆದೇಶದ ಮೇರೆಗೆ ಎಂದು ಮೊದಲು ಕೇಳೋಣ.