ಬಿಸಿ ಮಂಜುಗಡ್ಡೆ, ತಣ್ಣನೆಯ ಸೈಕಲ್

ಹೆಪ್ಪುಗಟ್ಟಿದ ಸರೋವರದ ನಡುವೆ ನಿಂತಿದ್ದೀರಿ ಎಂದುಕೊಳ್ಳಿ. ಉಷ್ಣತೆ ಸೊನ್ನೆಗಿಂತ 10 ಡಿಗ್ರಿ ಸೆಲ್ಸಿಯಸ್ ಕೆಳಗಿದೆ. ಉಸಿರು ಮೀಸೆಯ ಮೇಲೆ ಬಿಳಿಯಾಗಿ ಗಟ್ಟಿಯಾಗುತ್ತಿದೆ. ಇಂಥ ಚಳಿಯಲ್ಲೂ ಅಲ್ಲಿ ಬಿಸಿಯಾಗಿರುವ ವಸ್ತುವೊಂದಿದೆ: ನಿಮ್ಮ ಕಾಲ ಕೆಳಗಿನ ಮಂಜುಗಡ್ಡೆ.

ಇದು ಮಾತಿನ ಚಮತ್ಕಾರವಲ್ಲ. ಒಂದು ಘನವಸ್ತು ಹೇಗೆ ವರ್ತಿಸುತ್ತದೆ ಎಂಬುದು ಬಹುಮಟ್ಟಿಗೆ ಅದು ತನ್ನ ಕರಗುವ ಬಿಂದುವಿಗೆ ಎಷ್ಟು ಹತ್ತಿರ ಇದೆ ಎಂಬುದರ ಮೇಲೆ ನಿಂತಿದೆ. ನಿರಪೇಕ್ಷ ಶೂನ್ಯದಿಂದ ಎಣಿಸಿದರೆ ಮಂಜುಗಡ್ಡೆ 273 ಕೆಲ್ವಿನ್‌ನಲ್ಲಿ ಕರಗುತ್ತದೆ. ಮೈನಸ್ 10 ಡಿಗ್ರಿ ಎಂದರೆ 263 ಕೆಲ್ವಿನ್. ಅಂದರೆ ಕರಗುವ ಹಾದಿಯಲ್ಲಿ ಅದು ನೂರಕ್ಕೆ 96ರಷ್ಟು ದೂರವನ್ನು ಆಗಲೇ ಸವೆಸಿದೆ. ಕಬ್ಬಿಣವನ್ನು ಇದೇ ಸ್ಥಿತಿಗೆ ತರಬೇಕಾದರೆ ಸುಮಾರು 1470 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಬೇಕು. ಆಗ ಅದು ಕೆಂಪನ್ನು ದಾಟಿ ಬೆಳ್ಳಗೆ ಹೊಳೆಯುತ್ತಿರುತ್ತದೆ. ಸರೋವರದ ಮೇಲೆ ಸೈಕಲ್ ಓಡಿಸುವವರು ಒಂದರ್ಥದಲ್ಲಿ ಬೆಳ್ಳಗೆ ಕಾದ ಕಬ್ಬಿಣದಂಥ ನೆಲದ ಮೇಲೆ ಪಂದ್ಯಕ್ಕಿಳಿದಿರುತ್ತಾರೆ.

ಅದೇ ಮೈನಸ್ 10 ಡಿಗ್ರಿ ಸೈಕಲ್ಲಿಗೆ ಮಾತ್ರ ನಿಜವಾದ ಚಳಿ. ಟೈರಿನ ರಬ್ಬರು ಬಿರುಸಾಗುತ್ತದೆ, ಗ್ರೀಸು ಮೇಣದಂತಾಗುತ್ತದೆ, ಟ್ಯೂಬಿನ ಗಾಳಿ ಕುಗ್ಗುತ್ತದೆ. ಮೌಂಟನ್ ಬೈಕೊಂದನ್ನು ಮಂಜುಗಡ್ಡೆಯ ಪಂದ್ಯಕ್ಕೆ ಅಣಿಗೊಳಿಸುವುದೆಂದರೆ ಈ ಎರಡು ಸಂಗತಿಗಳನ್ನು ಒಟ್ಟಿಗೆ ನಿಭಾಯಿಸುವುದು: ನೆಲದ ಬಿಸಿ, ಯಂತ್ರದ ಚಳಿ.

ಮೊದಲು ನೆಲ. ಮಂಜುಗಡ್ಡೆ ಏಕೆ ಜಾರುತ್ತದೆ ಎಂಬ ಪ್ರಶ್ನೆಗೆ ಶಾಲೆಯಲ್ಲಿ ಸಿಗುತ್ತಿದ್ದ ಉತ್ತರ, ಒತ್ತಡ ಬಿದ್ದರೆ ಅದು ಕರಗುತ್ತದೆ ಎಂಬುದು. ಒತ್ತಡದಿಂದ ಕರಗುವ ಬಿಂದು ಇಳಿಯುವುದು ನಿಜ. ಆದರೆ ಒಂದೇ ಒಂದು ಡಿಗ್ರಿ ಇಳಿಸಲು ಸುಮಾರು 135 ವಾಯುಭಾರದಷ್ಟು, ಅಂದರೆ ನಮ್ಮ ಸುತ್ತಲ ಗಾಳಿ ಹಾಕುವುದರ 135 ಪಟ್ಟು, ಒತ್ತಡ ಬೇಕು. ಸೈಕಲ್ ಟೈರು ನೆಲದ ಮೇಲೆ ಹಾಕುವ ಒತ್ತಡ ಎರಡು ವಾಯುಭಾರದ ಆಸುಪಾಸು. ಅದರಿಂದ ಡಿಗ್ರಿಯ ನೂರನೇ ಒಂದೆರಡು ಭಾಗ ಮಾತ್ರ ವ್ಯತ್ಯಾಸವಾಗುತ್ತದೆ. ಕಾರಣ ಬೇರೆಡೆ ಇದೆ. 1850ರಲ್ಲಿ ಮೈಕೆಲ್ ಫ್ಯಾರಡೆ ಎರಡು ಮಂಜಿನ ತುಂಡುಗಳನ್ನು ಒಂದಕ್ಕೊಂದು ತಾಗಿಸಿ, ಅವು ಬೆಸೆದುಕೊಳ್ಳುವುದನ್ನು ತೋರಿಸಿ, ಮಂಜಿನ ಮೈಮೇಲೆ ಯಾವಾಗಲೂ ತೆಳ್ಳನೆಯ ದ್ರವದಂಥ ಪದರ ಇರುತ್ತದೆ ಎಂದು ವಾದಿಸಿದ್ದ. ಮೇಲ್ಮೈಯ ಅಣುಗಳನ್ನು ಮೇಲಿನಿಂದ ಹಿಡಿದಿಡಲು ಯಾರೂ ಇಲ್ಲ; ಹಾಗಾಗಿ ಅವು ಸಡಿಲವಾಗಿ ಅಲೆದಾಡುತ್ತವೆ. 1939ರಲ್ಲಿ ಬೌಡನ್ ಮತ್ತು ಹ್ಯೂಸ್ ಎಂಬ ವಿಜ್ಞಾನಿಗಳು, ಜಾರುವಾಗ ಉಜ್ಜಾಟದಿಂದ ಹುಟ್ಟುವ ಶಾಖವೂ ಮಂಜನ್ನು ಕರಗಿಸುತ್ತದೆ ಎಂದು ತೋರಿಸಿದರು. 2018ರಲ್ಲಿ ಆಮ್‌ಸ್ಟರ್‌ಡ್ಯಾಮ್ ಮತ್ತು ಮೈನ್ಜ್‌ನ ಸಂಶೋಧಕರು ಉಕ್ಕಿನ ಗುಂಡನ್ನು ಬೇರೆ ಬೇರೆ ಉಷ್ಣತೆಯ ಮಂಜಿನ ಮೇಲೆ ಜಾರಿಸಿ ನೋಡಿದಾಗ, ಅತಿ ಹೆಚ್ಚು ಜಾರಿದ್ದು ಮೈನಸ್ 7 ಡಿಗ್ರಿಯ ಸುತ್ತಮುತ್ತ. ಅದಕ್ಕಿಂತ ಚಳಿ ಹೆಚ್ಚಿದರೆ ಮೇಲ್ಮೈ ಅಣುಗಳು ಬಿಗಿಯಾಗುತ್ತವೆ; ಕಡಿಮೆಯಾದರೆ ಮಂಜು ಮೆದುವಾಗಿ ಗುಂಡು ಅದರೊಳಗೆ ಹೂಳಿಕೊಂಡು ಉಳುಮೆ ಶುರುಮಾಡುತ್ತದೆ.

ಈ ಉಳುಮೆ ಎಂಬ ಮಾತನ್ನು ನೆನಪಿಡಿ. ಮಂಜಿನ ಪಂದ್ಯದ ಸೈಕಲ್ಲಿಗೆ ಅದೇ ಜೀವಾಳ.

ಬರೀ ರಬ್ಬರಿನ ಟೈರು ಸೋಲುವುದು ಎಲ್ಲಿ ಎಂದು ಒಂದು ಲೆಕ್ಕ ಹಾಕೋಣ. 15 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹಾಯಬೇಕು. ವೇಗದ ವರ್ಗವನ್ನು ತ್ರಿಜ್ಯ ಮತ್ತು ಗುರುತ್ವ ವೇಗೋತ್ಕರ್ಷದ ಗುಣಲಬ್ಧದಿಂದ ಭಾಗಿಸಿದರೆ 0.33 ಬರುತ್ತದೆ. ಬೇಕಾದ ಘರ್ಷಣಾಂಕ, ಅಂದರೆ ಹಿಡಿತದ ಅಳತೆ, ಅಷ್ಟು. ಸೈಕಲ್ ಒಳಕ್ಕೆ ವಾಲಬೇಕಾದದ್ದು ಸುಮಾರು 18 ಡಿಗ್ರಿ. ನುಣುಪಾದ ಒದ್ದೆ ಮಂಜಿನ ಮೇಲೆ ರಬ್ಬರಿಗೆ ಸಿಗುವುದು 0.1 ಎಂದು ಹಿಡಿದರೂ ಉದಾರವಾಗಿ ಕೊಟ್ಟಂತೆ. ಆ ಹಿಡಿತದಲ್ಲಿ ಅದೇ ತಿರುವನ್ನು ಗಂಟೆಗೆ 14 ಕಿಲೋಮೀಟರ್‌ಗಿಂತ ಜೋರಾಗಿ ದಾಟಲಾಗದು, 6 ಡಿಗ್ರಿಗಿಂತ ಹೆಚ್ಚು ವಾಲಲಾಗದು. ಡಾಂಬರಿನ ಮೇಲೆ ರಬ್ಬರು ಗೆಲ್ಲುವುದು ನೆಲದ ಒರಟಿನೊಳಗೆ ತನ್ನ ಮೈಯನ್ನು ಇಳಿಸಿ. ಸರೋವರದ ಕನ್ನಡಿಯಂಥ ಮಂಜಿನಲ್ಲಿ ಇಳಿಯಲು ಒರಟೇ ಇಲ್ಲ, ಅಂಟಿಕೊಳ್ಳೋಣವೆಂದರೆ ನಡುವೆ ನೀರಿನ ಪದರ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯ ಬಗ್ಗೆ ಹೇಳಲೇಬೇಕು. ಹತ್ತು ಸೆಂಟಿಮೀಟರ್ ಅಗಲದ ದಪ್ಪ ಟೈರುಗಳ ಫ್ಯಾಟ್ ಬೈಕ್ ಇದ್ದರೆ ಸಾಕು ಎಂದು ಬಹಳ ಜನ ನಂಬುತ್ತಾರೆ. ಅಗಲವಾದ ಟೈರು ಮೆತ್ತನೆಯ ಹಿಮದಲ್ಲಿ ಹೂತುಹೋಗದೆ ತೇಲಲು ಹುಟ್ಟಿದ್ದು. ಅಲಾಸ್ಕಾದ ಹಿಮಹಾದಿಯ ದೂರದ ಓಟಗಳು ಅದಕ್ಕೆ ಪ್ರೇರಣೆಯಾದವು. ಹಿಮವೇ ಬೇರೆ, ಗಟ್ಟಿ ಮಂಜುಗಡ್ಡೆಯೇ ಬೇರೆ. ನುಣುಪು ಮಂಜಿನ ಮೇಲೆ ಅಗಲ ಹೆಚ್ಚಿಸಿ ಹಿಡಿತ ಗಳಿಸಲು ಹೊರಟವರು ಮೊದಲ ತಿರುವಿನಲ್ಲೇ ಬೀಳುತ್ತಾರೆ.

ಬೇಕಾದದ್ದು ಲೋಹದ ಹಲ್ಲು. ಚಳಿಗಾಲದ ಸೈಕಲ್ ಟೈರುಗಳಲ್ಲಿ ಸ್ಟಡ್ ಎಂಬ ಪುಟ್ಟ ಲೋಹದ ಮೊಳೆಗಳಿರುತ್ತವೆ, ಒಂದೊಂದು ಟೈರಿನಲ್ಲಿ ನೂರಾರು. ಒಳ್ಳೆಯ ಸ್ಟಡ್‌ನ ತುದಿ ಟಂಗ್‌ಸ್ಟನ್ ಕಾರ್ಬೈಡ್‌ನದು. ಗಡಸುತನದ ಮೋಸ್ ಮಾಪಕದಲ್ಲಿ ಅದು 9ರ ಸುತ್ತ ನಿಲ್ಲುತ್ತದೆ; ಕರಗುವ ಬಿಂದುವಿನ ಬಳಿಯ ಮಂಜುಗಡ್ಡೆ ಒಂದೂವರೆಯಷ್ಟು. ಆದರೆ ಈ ನೂರಾರು ಸ್ಟಡ್‌ಗಳಲ್ಲಿ ಯಾವುದೇ ಕ್ಷಣದಲ್ಲಿ ನೆಲ ಮುಟ್ಟುವವು ಎಷ್ಟು? ಚಕ್ರದ ಸುತ್ತಳತೆ ಸುಮಾರು 2.25 ಮೀಟರ್. ನೆಲಕ್ಕೆ ತಾಗುವ ತುಣುಕು ಹತ್ತು ಸೆಂಟಿಮೀಟರ್ ಉದ್ದ. 300 ಸ್ಟಡ್‌ಗಳಿದ್ದರೆ ಆ ಪಾಲಿಗೆ ಬರುವುದು ಹದಿಮೂರು. ಅದರಲ್ಲೂ ಪಕ್ಕದ ಸಾಲಿನವು ಸೈಕಲ್ ವಾಲಿದಾಗ ಮಾತ್ರ ಕೆಲಸಕ್ಕೆ ಬರುತ್ತವೆ. ಸವಾರ, ಸೈಕಲ್ ಸೇರಿ 90 ಕಿಲೋ ಭಾರ ಹೀಗೆ ಬೆರಳೆಣಿಕೆಯ ಮೊನೆಗಳ ಮೇಲೆ ಹಂಚಿಹೋಗುತ್ತದೆ. ಒಂದು ಚದರ ಮಿಲಿಮೀಟರಿನ ಮೊನೆಯ ಮೇಲೆ ಎರಡು ಕಿಲೋ ಭಾರ ಬಿದ್ದರೂ ಒತ್ತಡ 200 ವಾಯುಭಾರದಷ್ಟಾಗುತ್ತದೆ. ಕಾದ ಕಬ್ಬಿಣದಂತೆ ಮೆದುವಾದ ಮಂಜು ಅದನ್ನು ತಾಳಲಾರದೆ ಕುಸಿದು ಪುಟ್ಟ ಗುಳಿ ಬೀಳುತ್ತದೆ. ಹಿಡಿತ ಸಿಗುವುದು ಈ ಗುಳಿಯ ಗೋಡೆಯಿಂದ. ಚಕ್ರ ಜಾರಬೇಕಾದರೆ ಈಗ ಗೋಡೆಯನ್ನು ಉತ್ತುಕೊಂಡು ಹೋಗಬೇಕು. ಜಾರುವುದು ಅಗ್ಗದ ಕೆಲಸವಾಗಿ ಉಳಿಯುವುದಿಲ್ಲ.

ಹೊಸ ಸ್ಟಡ್ ಟೈರನ್ನು ನೇರವಾಗಿ ಪಂದ್ಯಕ್ಕೆ ಒಯ್ಯಬಾರದು. ಮೊದಲ ನಲವತ್ತು ಐವತ್ತು ಕಿಲೋಮೀಟರ್ ಗಟ್ಟಿ ರಸ್ತೆಯಲ್ಲಿ, ಜೋರಾಗಿ ಬ್ರೇಕ್ ಹಿಡಿಯದೆ, ಎಳೆದಾಡದೆ ಓಡಿಸಿದರೆ ಸ್ಟಡ್‌ಗಳು ರಬ್ಬರಿನಲ್ಲಿ ಗಟ್ಟಿಯಾಗಿ ಕೂರುತ್ತವೆ. ಅವಸರಪಟ್ಟರೆ ಉದುರುತ್ತವೆ.

ಪಂದ್ಯದವರು ಇಷ್ಟಕ್ಕೆ ನಿಲ್ಲುವುದಿಲ್ಲ. ಅಂಗಡಿಯ ಟೈರಿನ ಸ್ಟಡ್ ಒಂದೆರಡು ಮಿಲಿಮೀಟರ್ ಮಾತ್ರ ಹೊರಚಾಚಿರುತ್ತದೆ. ಅದಕ್ಕಿಂತ ಆಳದ ಕಚ್ಚು ಬೇಕೆನ್ನುವವರು ಹಳೆಯ ಟೈರಿಗೆ ತಾವೇ ಸ್ಕ್ರೂ ಹಾಕುತ್ತಾರೆ. ಈ ಕೆಲಸವನ್ನು ನೋಡುವುದೇ ಒಂದು ಪಾಠ. ದಪ್ಪ ಉಬ್ಬುಗಳಿರುವ ಟೈರನ್ನು ಆರಿಸಿಕೊಂಡು, ಪ್ರತಿ ಉಬ್ಬಿನ ನಟ್ಟನಡುವೆ ಸಣ್ಣ ಡ್ರಿಲ್ಲಿನಿಂದ ಹೊರಗಿನಿಂದ ಒಳಕ್ಕೆ ತೂತು ಹೊಡೆಯುತ್ತಾರೆ. ಹೊರಗಿನಿಂದಲೇ ಏಕೆಂದರೆ ಒಳಗಿನಿಂದ ಉಬ್ಬು ಎಲ್ಲಿದೆಯೆಂದು ಕಾಣುವುದಿಲ್ಲ. ಆಮೇಲೆ ಟೈರನ್ನು ಒಳಹೊರಗಾಗಿ ತಿರುಚಿ ಹಿಡಿದು, ತಗಡಿಗೆ ಹಾಕುವ ಚಪ್ಪಟೆ ತಲೆಯ ಗಿಡ್ಡ ಸ್ಕ್ರೂಗಳನ್ನು ಒಳಗಿನಿಂದ ಆ ತೂತಿಗೆ ಕೊಟ್ಟು ತಿರುಗಿಸುತ್ತಾರೆ. ತಿರುಗಿಸುವಾಗ ಉಬ್ಬಿನ ನೆತ್ತಿ ಮೊದಲು ಚಿಕ್ಕದಾಗಿ ಊದಿಕೊಳ್ಳುತ್ತದೆ, ಬಳಿಕ ಬೆಳ್ಳಿಯ ಮೊನೆ ಇಣುಕುತ್ತದೆ. ನೂರನೆಯ ಸ್ಕ್ರೂ ಹೊತ್ತಿಗೆ ಅಂಗೈ ಉರಿಯುತ್ತದೆ, ಎರಡನೆಯ ಚಕ್ರ ಇನ್ನೂ ಬಾಕಿ ಇರುತ್ತದೆ. ಕೊನೆಗೆ ಒಳಗಿನ ತಲೆಗಳೆಲ್ಲ ಮುಚ್ಚುವಂತೆ, ಉದ್ದಕ್ಕೆ ಸೀಳಿದ ಹಳೆಯ ಟ್ಯೂಬೊಂದನ್ನು ಹಾಸುತ್ತಾರೆ. ಇಲ್ಲವಾದರೆ ಸ್ಕ್ರೂ ತಲೆಗಳು ಸ್ವಂತ ಟ್ಯೂಬನ್ನೇ ಉಜ್ಜಿ ಉಜ್ಜಿ ತೂತು ಮಾಡುತ್ತವೆ.

ಉದ್ದವಾದ ಮೊನೆ ಯಾವಾಗಲೂ ಒಳ್ಳೆಯದೇ? ಅಲ್ಲ. ಮಂಜಿನೊಳಗೆ ಪೂರ್ತಿ ಇಳಿಯದೆ ಉಳಿದ ಉದ್ದ ಸನ್ನೆಗೋಲಿನಂತೆ ವರ್ತಿಸುತ್ತದೆ: ಮೊನೆ ಬಾಗುತ್ತದೆ, ಬುಡದ ರಬ್ಬರು ಹರಿಯುತ್ತದೆ, ಪ್ರತಿ ಸುತ್ತಿನಲ್ಲೂ ಶಕ್ತಿ ಪೋಲಾಗುತ್ತದೆ. ಮುಂದಿನ ಚಕ್ರವನ್ನು ಹಿಡಿಯುವ ಫೋರ್ಕಿಗೂ ಹಿಂದಿನ ಚೌಕಟ್ಟಿಗೂ ತಾಗದಷ್ಟು ಜಾಗ ಇದೆಯೇ ಎಂದು ಚಕ್ರವನ್ನು ಕೈಯಲ್ಲಿ ತಿರುಗಿಸಿ ನೋಡಬೇಕು. ಇನ್ನೂ ಮುಖ್ಯವಾದದ್ದು, ಗುಂಪಿನಲ್ಲಿ ಒಬ್ಬ ಬಿದ್ದಾಗ ಹಿಂದಿನವನ ಚಕ್ರ ಅವನ ಮೈಮೇಲೆ ಹಾಯಬಹುದು. ಆದ್ದರಿಂದ ಮೊನೆಯ ಉದ್ದಕ್ಕೆ ಸಂಘಟಕರು ಇಟ್ಟ ಮಿತಿಯನ್ನು ಡ್ರಿಲ್ ಕೈಗೆತ್ತಿಕೊಳ್ಳುವ ಮೊದಲೇ ಓದಬೇಕು. ಇದರಲ್ಲಿ ರಿಯಾಯಿತಿ ಕೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಒಂದೇ ಜೊತೆ ಚಕ್ರದಲ್ಲಿ ಯಾವುದಕ್ಕೆ ಹೆಚ್ಚು ಹಲ್ಲು? ಮುಂದಿನದಕ್ಕೆ. ಹಿಂದಿನ ಚಕ್ರ ಪಕ್ಕಕ್ಕೆ ಜಾರಿದರೆ ಹ್ಯಾಂಡಲ್ ತಿರುಗಿಸಿ, ಸೊಂಟ ಸರಿಸಿ ಸಂಭಾಳಿಸಬಹುದು. ಮುಂದಿನದು ಜಾರಿದರೆ, ನಾವು ಸಮತೋಲ ಕಾಯುವ ಸಾಧನವೇ ಕೈಬಿಟ್ಟಂತೆ. ಏನಾಯಿತೆಂದು ತಿಳಿಯುವ ಮುನ್ನ ಭುಜ ನೆಲದ ಮೇಲಿರುತ್ತದೆ. ವಾಲಿದಾಗ ಕಚ್ಚುವುದು ಪಕ್ಕದ ಸಾಲಾದ್ದರಿಂದ ಮುಂದಿನ ಟೈರಿನ ಅಂಚಿನಲ್ಲಿ ಮೊನೆಗಳು ದಟ್ಟವಾಗಿರಬೇಕು. ಎಡಕ್ಕೇ ತಿರುಗುವ ಅಂಡಾಕಾರದ ಹಾದಿಯಾದರೆ ಎಡಗಡೆಯ ಅಂಚಿಗೆ ಮೊದಲ ಆದ್ಯತೆ.

ಇನ್ನು ಗಾಳಿ. ಮನೆಯೊಳಗೆ 20 ಡಿಗ್ರಿಯಲ್ಲಿ ಟೈರಿಗೆ 30 ಪಿಎಸ್‌ಐ ಒತ್ತಡದಷ್ಟು ಗಾಳಿ ತುಂಬಿಸಿ, ಮೈನಸ್ 15 ಡಿಗ್ರಿಯ ಸರೋವರಕ್ಕೆ ಒಯ್ದರೆ ಅಳತೆಗೋಲು 25ಕ್ಕೂ ಸ್ವಲ್ಪ ಕಡಿಮೆ ತೋರಿಸುತ್ತದೆ. ಯಾವ ಸೋರಿಕೆಯೂ ಇಲ್ಲ. ಮುಚ್ಚಿದ ಗಾಳಿಯ ಒತ್ತಡ ನಿರಪೇಕ್ಷ ಉಷ್ಣತೆಯೊಂದಿಗೆ ಇಳಿಯುತ್ತದೆ, ಅಷ್ಟೇ. ಹೊರಗಿನ ವಾಯುಭಾರವನ್ನೂ ಸೇರಿಸಿದ ಒತ್ತಡ ನೂರಕ್ಕೆ ಹನ್ನೆರಡರಷ್ಟು ಕುಸಿದಿರುತ್ತದೆ. ಮೆತ್ತಗಿನ ಟೈರು ಹೆಚ್ಚು ಮೊನೆಗಳನ್ನು ನೆಲಕ್ಕೆ ತರುತ್ತದೆ, ಅದು ಲಾಭ. ಅತಿಯಾದರೆ ತಿರುವಿನಲ್ಲಿ ಟೈರು ಹೊಯ್ದಾಡಿ ಮೊನೆಗಳು ಓರೆಯಾಗುತ್ತವೆ. ಪಂಪು ಮತ್ತು ಅಳತೆಗೋಲನ್ನು ಸರೋವರದ ದಡಕ್ಕೇ ಒಯ್ದು, ಸೈಕಲ್ ಚಳಿಗೆ ಒಗ್ಗಿದ ಮೇಲೆ ಒತ್ತಡ ಹೊಂದಿಸುವುದೊಂದೇ ಸರಿದಾರಿ.

ಚಳಿ ಮಾಡುವ ಅತಿ ದೊಡ್ಡ ಮೋಸ ಹಿಂದಿನ ಚಕ್ರದ ನಡುಭಾಗವಾದ ಹಬ್‌ನೊಳಗೆ ಅಡಗಿದೆ. ಪೆಡಲ್ ನಿಲ್ಲಿಸಿದಾಗ ಕೇಳುವ ಟಿಕ್ ಟಿಕ್ ಸದ್ದು ಅಲ್ಲಿನ ಪುಟ್ಟ ನಾಲಿಗೆಗಳದು. ಕೂದಲೆಳೆಯಂಥ ಸ್ಪ್ರಿಂಗ್‌ಗಳು ಅವನ್ನು ಮೇಲಕ್ಕೆತ್ತಿ ಹಲ್ಲುಗಳ ಉಂಗುರಕ್ಕೆ ಸಿಕ್ಕಿಸುತ್ತವೆ; ಹಾಗೆ ಸಿಕ್ಕಿದಾಗ ಮಾತ್ರ ನಿಮ್ಮ ತುಳಿತ ಚಕ್ರಕ್ಕೆ ತಲುಪುತ್ತದೆ. ಬೇಸಿಗೆಯ ದಪ್ಪ ಗ್ರೀಸು ಚಳಿಯಲ್ಲಿ ಗಟ್ಟಿಯಾದರೆ ಆ ಸ್ಪ್ರಿಂಗ್‌ಗಳಿಗೆ ನಾಲಿಗೆಗಳನ್ನು ಎತ್ತಲು ಬಲ ಸಾಲದು. ಓಟ ಆರಂಭವಾಗುತ್ತದೆ, ನೀವು ಎದ್ದು ನಿಂತು ತುಳಿಯುತ್ತೀರಿ, ಪೆಡಲು ಗಾಳಿಯಲ್ಲಿ ಗಿರ್ರನೆ ತಿರುಗುತ್ತದೆ, ಸೈಕಲ್ ನಿಂತಲ್ಲೇ ನಿಂತಿರುತ್ತದೆ. ಪರಿಹಾರ ಸರಳ: ಹಬ್ ಬಿಚ್ಚಿ, ಹಳೆಯ ಗ್ರೀಸನ್ನು ಪೂರ್ತಿ ತೊಳೆದು, ನಾಲಿಗೆಗಳಿಗೆ ಚಳಿಯಲ್ಲೂ ಹರಿಯುವ ತೆಳು ಎಣ್ಣೆಯ ಕೆಲವೇ ಹನಿ ಹಾಕುವುದು. ಆಮೇಲೆ ಚಕ್ರವನ್ನು ಒಂದು ರಾತ್ರಿ ಹೊರಗಿಟ್ಟು, ಬೆಳಿಗ್ಗೆ ಕಿವಿ ಹತ್ತಿರ ತಂದು ತಿರುಗಿಸಿ. ಟಿಕ್ ಟಿಕ್ ಸದ್ದು ಚುರುಕಾಗಿ, ಬಿಡಿಬಿಡಿಯಾಗಿ ಕೇಳಬೇಕು. ಮಂಕಾಗಿ, ತಡವರಿಸಿ ಕೇಳಿದರೆ ಮತ್ತೆ ಬಿಚ್ಚಬೇಕು.

ಉಳಿದ ಭಾಗಗಳ ಕಥೆ ಚಿಕ್ಕದು. ಸಸ್ಪೆನ್ಷನ್ ಫೋರ್ಕಿನ ಎಣ್ಣೆ ಚಳಿಯಲ್ಲಿ ಮಂದವಾಗುವುದರಿಂದ, ಸಮತಟ್ಟಾದ ಮಂಜಿನ ಮೇಲೆ ಅದನ್ನು ಬಿಗಿದು ಲಾಕ್ ಮಾಡುವುದೇ ಲೇಸು. ಗಟ್ಟಿ ಫೋರ್ಕು ಇದ್ದರೆ ಇನ್ನೂ ಒಳ್ಳೆಯದು. ರಿಮ್ಮಿಗೆ ಹಿಮ ಮೆತ್ತಿದರೆ ರಿಮ್ ಬ್ರೇಕು ಹಿಡಿಯದು, ಡಿಸ್ಕ್ ಬ್ರೇಕಿಗೆ ಆ ತೊಂದರೆ ಕಡಿಮೆ. ಕೇಬಲ್ ಕವಚದೊಳಗೆ ಒಂದು ಹನಿ ನೀರು ಉಳಿದರೂ ಅದು ಹೆಪ್ಪುಗಟ್ಟಿ ಗೇರು ಕಚ್ಚಿಕೊಳ್ಳುತ್ತದೆ. ಆ ಹನಿ ಬರುವುದು ಬಹಳ ಸಲ ಹೊರಗಿನಿಂದಲ್ಲ, ಮನೆಯೊಳಗಿನಿಂದ: ಕೊರೆಯುವ ಸೈಕಲ್ಲನ್ನು ಬೆಚ್ಚಗಿನ ಕೋಣೆಗೆ ತಂದ ಕೂಡಲೇ ಗಾಳಿಯ ತೇವ ಅದರ ಮೈಮೇಲೆಲ್ಲ ಇಬ್ಬನಿಯಾಗಿ ಇಳಿಯುತ್ತದೆ. ಪಂದ್ಯದ ಹಿಂದಿನ ರಾತ್ರಿ ಸೈಕಲ್ ಹೊರಗಿನ ಶೆಡ್ಡಿನಲ್ಲೇ ಇರಲಿ.

ಸರೋವರ ಮೇಲಿನಿಂದ ಹೆಪ್ಪುಗಟ್ಟುವುದು ನಮ್ಮ ಪುಣ್ಯ. ನೀರು 4 ಡಿಗ್ರಿಯಲ್ಲಿ ಅತಿ ಸಾಂದ್ರವಾಗಿ ತಳ ಸೇರುತ್ತದೆ, ಅದಕ್ಕಿಂತ ತಣ್ಣನೆಯದು ಮೇಲೆ ಉಳಿದು ಮಂಜಾಗುತ್ತದೆ. ಒಬ್ಬ ಮನುಷ್ಯ ನಡೆಯಲು ಕನಿಷ್ಠ 10 ಸೆಂಟಿಮೀಟರ್ ದಪ್ಪದ ಪಾರದರ್ಶಕ ಮಂಜು ಬೇಕೆಂಬುದು ರೂಢಿಯ ಸೂತ್ರ. ಹಿಮ ಬೆರೆತ ಬಿಳಿ ಮಂಜಿನ ಬಲ ಅದರ ಅರ್ಧದಷ್ಟೇ. ಪಂದ್ಯಕ್ಕೆ ಜನ ಗುಂಪುಗೂಡುವುದರಿಂದ ಇನ್ನೂ ಹೆಚ್ಚು ದಪ್ಪ ಬೇಕು, ಅದನ್ನು ಹಲವು ಕಡೆ ಕೊರೆದು ಅಳೆಯಬೇಕು. ತೊರೆ ಬಂದು ಸೇರುವಲ್ಲಿ, ಊಟೆ ಏಳುವಲ್ಲಿ ಮಂಜು ಮೋಸಮಾಡುತ್ತದೆ.

ಓಟ ಶುರುವಾದ ಮೇಲೆ ನೆಲವೂ ಬದಲಾಗುತ್ತ ಹೋಗುತ್ತದೆ. ಪ್ರತಿ ಚಕ್ರ ಒಂದಷ್ಟು ಮಂಜನ್ನು ಉತ್ತು ಪುಡಿಮಾಡುತ್ತದೆ. ಐದಾರು ಸುತ್ತಿನಲ್ಲಿ ಎಲ್ಲರೂ ಹಾಯುವ ಒಳಗೆರೆಯ ಮೇಲೆ ಬಿಳಿ ಹುಡಿ ತುಂಬಿಕೊಳ್ಳುತ್ತದೆ, ಅದರಡಿಯ ಗಟ್ಟಿ ಮಂಜಿಗೆ ಮೊನೆ ತಲುಪುವುದಿಲ್ಲ. ಅನುಭವಿ ಸವಾರರು ಆಗ ತಿರುವಿನಲ್ಲಿ ಒಂದು ಮಾರು ಹೊರಕ್ಕೆ ಸರಿಯುತ್ತಾರೆ. ಹಾದಿ ತುಸು ಉದ್ದವಾಗುತ್ತದೆ. ಆದರೆ ಅಲ್ಲಿ ಮಂಜು ಇನ್ನೂ ಕಪ್ಪಗೆ, ಗಾಜಿನಂತೆ ಇರುತ್ತದೆ, ಮೊನೆಗಳು ಕರಕರನೆ ಕಚ್ಚುವ ಸದ್ದು ದಡದವರೆಗೂ ಕೇಳಿಸುತ್ತದೆ.