ನಿರಂಕುಶ: ಅಂಕುಶ ಇಲ್ಲ ಎಂದಷ್ಟೇ ಅರ್ಥ

ಹಾಜರಾತಿ ಕಡ್ಡಾಯ ಮಾಡಿದ ಪ್ರಾಂಶುಪಾಲರು ನಿರಂಕುಶ ಪ್ರಭು. ನೆಚ್ಚಿನ ಆಟಗಾರನನ್ನು ತಂಡದಿಂದ ಕೈಬಿಟ್ಟ ನಾಯಕನೂ ನಿರಂಕುಶ ಪ್ರಭು. ದಂಡದ ಮೊತ್ತ ಏರಿಸಿದ ಸರ್ಕಾರದ ಮಾತಂತೂ ಕೇಳುವುದೇ ಬೇಡ. ಇಷ್ಟನ್ನು ಹೇಗೋ ಸಹಿಸಿಕೊಳ್ಳಬಹುದು. ಸಿಟ್ಟಿನಲ್ಲಿ ಆಡಿದ ಮಾತಿಗೆ ನಿಘಂಟು ಹಿಡಿದು ಕೂರುವುದು ಸಣ್ಣತನ. ಆದರೆ ಇದೇ ತಪ್ಪು ತಿರುಗುಮುರುಗಾಗಿ ಬಂದಾಗ ಸುಮ್ಮನಿರಲು ಆಗುವುದಿಲ್ಲ. ಯಾವುದೋ ದೊರೆಯ ಬಗ್ಗೆ ಬರೆಯುವಾಗ, ಆತ ನಿರಂಕುಶನೇನಲ್ಲ, ಪ್ರಜೆಗಳನ್ನು ಮಕ್ಕಳಂತೆ ನೋಡಿಕೊಂಡ ಎಂಬ ಧಾಟಿಯ ಸಾಲು ಒಂದಲ್ಲ ಒಂದು ಕಡೆ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಮಕ್ಕಳಂತೆ ನೋಡಿಕೊಂಡದ್ದಕ್ಕೂ ಅಂಕುಶಕ್ಕೂ ಏನು ಸಂಬಂಧ?

ಪದವನ್ನು ಬಿಡಿಸಿದರೆ ನಿರ್ ಮತ್ತು ಅಂಕುಶ. ಬಹುವ್ರೀಹಿ ಸಮಾಸ: ಅಂಕುಶ ಯಾವುದಕ್ಕೆ ಇಲ್ಲವೋ ಅದು. ಅಂಕುಶ ಮಾವುತನ ಕೈಯಲ್ಲಿರುವ ಕೊಕ್ಕೆಮೊನೆಯ ಸಲಕರಣೆ. ಹಳಗನ್ನಡದಲ್ಲಿ ಅದೇ ಅಂಕುಸ. ಈ ಪದ ಆನೆಯ ಸ್ವಭಾವದ ಬಗ್ಗೆ ಒಂದಕ್ಷರವನ್ನೂ ಹೇಳುವುದಿಲ್ಲ. ಮಾವುತನಿಲ್ಲದ ಆನೆ ಊರು ತುಳಿಯುತ್ತಿರಬಹುದು, ಬಿದಿರು ಮೆಲ್ಲುತ್ತಾ ತಣ್ಣಗೆ ನಿಂತಿರಬಹುದು. ಎರಡೂ ನಿರಂಕುಶವೇ. ಇನ್ನು ಮದ ಬಂದ ಆನೆಯದು ಬೇರೆಯೇ ಸಂಗತಿ. ಅಲ್ಲಿ ಮಾವುತನಿದ್ದಾನೆ, ಅಂಕುಶವೂ ಇದೆ, ಆನೆ ಲೆಕ್ಕಿಸುತ್ತಿಲ್ಲ ಅಷ್ಟೆ. ಕಾನೂನು ಇದ್ದೂ ಮುರಿಯುವವನು ಮದಗಜ. ಅವನಿಗೆ ತಾಗುವ ಕಾನೂನೇ ಇಲ್ಲದಿದ್ದರೆ ಮಾತ್ರ ನಿರಂಕುಶ. ನಮ್ಮ ಚರ್ಚೆಗಳಲ್ಲಿ ಈ ಎರಡನ್ನೂ ಕಲಸಿಬಿಡುತ್ತಾರೆ, ಜೊತೆಗೆ ಕಟ್ಟುನಿಟ್ಟು, ದರ್ಪ, ಕ್ರೌರ್ಯಗಳನ್ನೂ ಸೇರಿಸುತ್ತಾರೆ.

ಕನ್ನಡದ ಹಳೆಯ ಮಾತುಗಳಲ್ಲಿ ಅಂಕುಶ ಎಷ್ಟು ನಿಖರವಾಗಿ ಬಂದಿದೆ ಎಂದು ನೋಡಿದರೆ ಈಗಿನ ಬಳಕೆಯ ಬಗ್ಗೆ ಇನ್ನಷ್ಟು ಬೇಸರವಾಗುತ್ತದೆ. 'ಕರಿ ಘನ, ಅಂಕುಶ ಕಿರಿದೆನ್ನಬಹುದೆ? ಬಾರದಯ್ಯಾ' ಎನ್ನುತ್ತಾನೆ ಬಸವಣ್ಣ. ವಚನ ಹೊರಟಿರುವುದು ಮರವೆ ಮತ್ತು ದೇವರ ನೆನಹಿನ ಕಡೆಗೆ, ರಾಜ್ಯಶಾಸ್ತ್ರದ ಕಡೆಗಲ್ಲ. ಆದರೂ ಪದದ ತೂಕ ಅಲ್ಲಿದೆ: ತಡೆಯುವ ವಸ್ತು ತಡೆಯಿಸಿಕೊಳ್ಳುವುದಕ್ಕಿಂತ ದೊಡ್ಡದಾಗಿರಬೇಕಿಲ್ಲ. ನ್ಯಾಯಾಲಯಕ್ಕೆ ಸೈನ್ಯವಿಲ್ಲ, ಪತ್ರಿಕೆಗೆ ಖಜಾನೆಯಿಲ್ಲ. ಇದ್ದರೆ ಅವೇ ಇನ್ನೊಂದು ಆನೆಯಾಗುತ್ತಿದ್ದವು.

ಪಂಪನ ಸಾಲು ಎಲ್ಲರಿಗೂ ಬಾಯಿಪಾಠ: 'ಆರಂಕುಸಮಿಟ್ಟೊಡಂ ನೆನೆವುದೆನ್ನ ಮನಂ ಬನವಾಸಿದೇಶಮಂ'. ನಾಡಭಕ್ತಿಯ ಗೋಡೆಬರಹವಾಗಿ ಅದನ್ನು ಓದಿ ಓದಿ ನಡುವಿನ ಅಂಕುಸ ಯಾರ ಕಣ್ಣಿಗೂ ಬೀಳದಂತಾಗಿದೆ. ಯಾರು ಅಂಕುಶದಿಂದ ತಿವಿದರೂ ನನ್ನ ಮನಸ್ಸು ನೆನೆಯುವುದನ್ನೇ ನೆನೆಯುತ್ತದೆ ಎನ್ನುತ್ತಿದ್ದಾನೆ ಅವನು. ಅರಸನ ಆಸ್ಥಾನದಲ್ಲಿದ್ದ ಕವಿ ಆಡಿದ ಮಾತಿದು ಎಂಬುದನ್ನು ಮರೆಯಬಾರದು. ಮನಸ್ಸಿಗೆ ಅಂಕುಶ ನಾಟದು ಎಂಬುದು ಹತ್ತನೆಯ ಶತಮಾನದಲ್ಲೇ ಹೆಮ್ಮೆಯ ಸಂಗತಿಯಾಗಿತ್ತು. ಕವಿಗಳು ನಿರಂಕುಶರು ಎಂಬ ಸಂಸ್ಕೃತದ ಹಳೆಯ ನುಡಿಯೂ ಇದೇ ಜಾಡಿನದು. ಕುವೆಂಪು 'ಆತ್ಮಶ್ರೀಗಾಗಿ ನಿರಂಕುಶಮತಿಗಳಾಗಿ' ಎಂಬ ಶೀರ್ಷಿಕೆಯಲ್ಲಿ ತರುಣರನ್ನು ಕರೆದಾಗ ಯಾರೂ ಅದನ್ನು ಕ್ರೂರಿಗಳಾಗಿ ಎಂದು ಓದಿಕೊಳ್ಳಲಿಲ್ಲ. ನಿರಂಕುಶ ಎಂದರೆ ಕ್ರೌರ್ಯವೇ ಆಗಿದ್ದರೆ ಆ ಶೀರ್ಷಿಕೆಗೆ ಅರ್ಥವೇ ಇರುತ್ತಿರಲಿಲ್ಲ.

ಒಂದೇ ಪದ ಮತಿಗೆ ಅಂಟಿದರೆ ಹೊಗಳಿಕೆ, ಪ್ರಭುವಿಗೆ ಅಂಟಿದರೆ ಆರೋಪ. ಇದರಲ್ಲಿ ವಿರೋಧಾಭಾಸ ಹುಡುಕುವವರಿದ್ದಾರೆ, ನನಗೆ ಕಾಣುವುದಿಲ್ಲ. ನನ್ನ ಯೋಚನೆಗೆ ಕಡಿವಾಣವಿಲ್ಲದಿದ್ದರೆ ಅದರ ಭಾರ ಬೀಳುವುದು ಹೆಚ್ಚಾಗಿ ನನ್ನ ಮೇಲೆಯೇ. ಆಳುವವನ ಇಚ್ಛೆಗೆ ಕಡಿವಾಣವಿಲ್ಲದಿದ್ದರೆ ಅದು ಬೀಳುವುದು, ಅವನನ್ನು ಯಾವ ರೀತಿಯಲ್ಲೂ ತಡೆಯಲಾರದವರ ಮೇಲೆ. ಎರಡೂ ಕಡೆ ಪದದ ಅರ್ಥ ಒಂದೇ, ಪಾಡು ಬೇರೆ.

ಪಶ್ಚಿಮದ ಇತಿಹಾಸ ಓದುವವರು ನಿರಂಕುಶ ಎಂದು ಅನುವಾದಿಸುವ 'ಆಬ್ಸೊಲ್ಯೂಟ್' ಪದದ ಬೇರೂ ಇದೇ ತೆರನಾದದ್ದು. ಲ್ಯಾಟಿನ್ನಿನಲ್ಲಿ ಅದಕ್ಕೆ ಬಿಡಿಸಿದ, ಕಟ್ಟು ಕಳಚಿದ ಎಂಬರ್ಥ. ಮೂರನೆಯ ಶತಮಾನದ ರೋಮನ್ ನ್ಯಾಯಶಾಸ್ತ್ರಜ್ಞ ಉಲ್ಪಿಯನ್ನನ ಒಂದು ಮಾತು ಚಕ್ರವರ್ತಿ ಜಸ್ಟಿನಿಯನ್ನನ ಕಾನೂನು ಸಂಗ್ರಹದಲ್ಲಿ ಉಳಿದುಬಂದಿದೆ: ದೊರೆ ಕಾನೂನುಗಳಿಂದ ಬಿಡಿಸಲ್ಪಟ್ಟವನು. ಅಲ್ಲಿಯೂ ಕಠೋರತೆಯ ಸುಳಿವಿಲ್ಲ, ಕಟ್ಟು ಇದೆಯೋ ಇಲ್ಲವೋ ಎಂಬ ಪ್ರಶ್ನೆ ಮಾತ್ರ. ಆ ಮಾತಿನ ಆಯುಷ್ಯ ದೊಡ್ಡದು. 1977ರಲ್ಲಿ ಟಿವಿ ಸಂದರ್ಶನಕ್ಕೆ ಕೂತ ಅಮೆರಿಕದ ಮಾಜಿ ಅಧ್ಯಕ್ಷ ರಿಚರ್ಡ್ ನಿಕ್ಸನ್, ಅಧ್ಯಕ್ಷ ಮಾಡಿದರೆ ಅದು ಕಾನೂನುಬಾಹಿರ ಆಗುವುದಿಲ್ಲ ಎಂದದ್ದು ಹೆಚ್ಚುಕಡಿಮೆ ಉಲ್ಪಿಯನ್ನನ ಮಾತೇ. ಆದರೆ ನಿಕ್ಸನ್‌ನನ್ನು ನಿರಂಕುಶ ಎನ್ನುವಂತಿಲ್ಲ. ವಾಟರ್‌ಗೇಟ್ ಹಗರಣದ ತನಿಖೆಗೆ ಬೇಕಾಗಿದ್ದ, ಅವನ ಮಾತುಕತೆಗಳ ಧ್ವನಿಮುದ್ರಿಕೆಗಳನ್ನು ಒಪ್ಪಿಸು ಎಂದು 1974ರ ಜುಲೈನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು. ಆತ ಒಪ್ಪಿಸಿದ, ಆಗಸ್ಟ್‌ನಲ್ಲಿ ರಾಜೀನಾಮೆಯನ್ನೂ ಕೊಟ್ಟ. ನಿರಂಕುಶನಾಗುವ ಆಸೆಯಿದ್ದವನಿಗೆ ಅಂಕುಶ ನಾಟಿದ ಕತೆ ಅದು.

ಒಳ್ಳೆಯ ನಿರಂಕುಶ ಪ್ರಭು ಇರಬಲ್ಲನೇ? ಧಾರಾಳವಾಗಿ. ಮಧ್ಯ ಯುರೋಪನ್ನು ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ಮನೆತನದ ಚಕ್ರವರ್ತಿ ಎರಡನೆಯ ಜೋಸೆಫ್ 1781ರಲ್ಲಿ ಬೊಹೀಮಿಯಾದಂಥ ಪ್ರಾಂತ್ಯಗಳ ರೈತರನ್ನು ಜಮೀನ್ದಾರರ ಜೀತದ ಕಟ್ಟಿನಿಂದ ಬಿಡಿಸಿದ. ಅದೇ ವರ್ಷ ಪ್ರಾಟೆಸ್ಟೆಂಟರಿಗೂ ಪೂರ್ವದ ಆರ್ಥೊಡಾಕ್ಸ್ ಕ್ರೈಸ್ತರಿಗೂ ತಮ್ಮ ರೀತಿಯಲ್ಲಿ ಪೂಜಿಸುವ ಅವಕಾಶ ಕೊಟ್ಟ. ಯಾರನ್ನೂ ಕೇಳಲಿಲ್ಲ, ಸುಗ್ರೀವಾಜ್ಞೆಗಳ ಮೇಲೆ ಸುಗ್ರೀವಾಜ್ಞೆ ಹೊರಡಿಸಿದ. 1790ರಲ್ಲಿ ಸಾಯುವ ಮುನ್ನ ಹಂಗೇರಿಯಲ್ಲಿ ದಂಗೆಯ ಹೊಗೆ ಎದ್ದಾಗ, ರೈತರ ಬಿಡುಗಡೆ ಮತ್ತು ಧರ್ಮಸಹಿಷ್ಣುತೆಯ ಆಜ್ಞೆಗಳನ್ನು ಉಳಿಸಿಕೊಂಡು ಅಲ್ಲಿನ ಉಳಿದ ಸುಧಾರಣೆಗಳನ್ನು ತಾನೇ ಹಿಂತೆಗೆದುಕೊಂಡ. ಅವನ ಒಳ್ಳೆಯತನದಲ್ಲಿ ನನಗೆ ಅನುಮಾನವಿಲ್ಲ. ಆದರೆ ಒಂದು ರುಜುವಿನಿಂದ ಬಂದದ್ದು ಇನ್ನೊಂದು ರುಜುವಿನಿಂದ ಹೋಗಬಲ್ಲದು, ನಡುವೆ ಯಾರೂ ಇಲ್ಲ. ನಿರಂಕುಶ ಎಂಬ ಪದ ಹೆಸರಿಸುವುದು ಈ ನಡುವೆ ಯಾರೂ ಇಲ್ಲದಿರುವುದನ್ನು.

ಇನ್ನೊಂದು ಜೋಡಿಯಿದೆ, ಸರ್ವಾಧಿಕಾರಿ ಮತ್ತು ನಿರಂಕುಶ. ಎರಡೂ ಒಂದೇ ಎಂದು ಬರೆಯುವವರು ರೋಮ್ ನೋಡಬೇಕು. ಅಲ್ಲಿನ ಗಣರಾಜ್ಯದಲ್ಲಿ ಸರ್ವಾಧಿಕಾರಿ ಎಂಬುದು ಕಾನೂನುಬದ್ಧ ಹುದ್ದೆ. ಯುದ್ಧವೋ ಬಿಕ್ಕಟ್ಟೋ ಬಂದಾಗ ನೇಮಿಸುತ್ತಿದ್ದರು, ಹೆಚ್ಚೆಂದರೆ ಆರು ತಿಂಗಳು. ಅಧಿಕಾರ ಅಗಾಧ, ಅವಧಿ ಗಿಡ್ಡ, ಅವಧಿಯೇ ಅಂಕುಶ. ಕ್ರಿ.ಪೂ. 82ರಲ್ಲಿ ದಂಡನಾಯಕ ಸುಲ್ಲಾ ಅವಧಿಯಿಲ್ಲದ ಸರ್ವಾಧಿಕಾರಿಯಾದ, ಕ್ರಿ.ಪೂ. 44ರಲ್ಲಿ ಸೀಸರ್ ಆಜೀವ ಸರ್ವಾಧಿಕಾರಿಯಾದ. ಸೀಸರ್ ಕೊಲೆಯಾದ ಮೇಲೆ ಆ ಹುದ್ದೆಯನ್ನೇ ರದ್ದುಮಾಡಿದರು. ಮುಂದೆ ರೋಮಿನ ಮೊದಲ ಚಕ್ರವರ್ತಿಯಾದ ಅಗಸ್ಟಸ್ ಜಾಣ: ಜನ ಸರ್ವಾಧಿಕಾರಿ ಪಟ್ಟ ಕೊಡಲು ಬಂದಾಗ ಬೇಡವೆಂದ, ಅಧಿಕಾರವನ್ನೆಲ್ಲ ಬೇರೆ ಬೇರೆ ಹೆಸರಿನಲ್ಲಿ ತನ್ನಲ್ಲೇ ಇಟ್ಟುಕೊಂಡ. ಹುದ್ದೆಯ ಹೆಸರು ನೋಡಿ ತೀರ್ಮಾನಿಸುವವರನ್ನು ಅವನು ಈಗಲೂ ಏಮಾರಿಸಬಲ್ಲ.

ಅಂಕುಶ ಇದೆಯೇ ಎಂದು ಕೇಳಿದರಷ್ಟೇ ಸಾಲದು, ಅದು ಯಾರ ಕೈಯಲ್ಲಿದೆ ಎಂದೂ ಕೇಳಬೇಕು. ಇಂಗ್ಲೆಂಡಿನ ದೊರೆ ಒಪ್ಪಿಕೊಂಡ 1215ರ ಹಕ್ಕುಗಳ ಸನ್ನದು ಮ್ಯಾಗ್ನಾ ಕಾರ್ಟಾದ ಮಾತು ಬಂದರೆ ಎಲ್ಲರೂ ಎತ್ತಿ ಹೇಳುವುದು ನ್ಯಾಯಬದ್ಧ ತೀರ್ಪಿಲ್ಲದೆ ಯಾರನ್ನೂ ಸೆರೆಹಿಡಿಯಬಾರದು ಎಂಬ ಕಲಮನ್ನು. ಅದು ವಾಗ್ದಾನ. ಅಂಕುಶ ಇದ್ದದ್ದು 61ನೆಯ ಕಲಮಿನಲ್ಲಿ: ದೊರೆ ಮಾತಿಗೆ ತಪ್ಪಿದರೆ 25 ಮಂದಿ ಬ್ಯಾರನ್ನರು, ಅಂದರೆ ದೊಡ್ಡ ಜಮೀನ್ದಾರರು, ಅವನ ಕೋಟೆಗಳನ್ನೂ ಭೂಮಿಯನ್ನೂ ವಶಪಡಿಸಿಕೊಳ್ಳಬಹುದಿತ್ತು. ಮಾರನೆಯ ವರ್ಷ ಸನ್ನದನ್ನು ಮತ್ತೆ ಹೊರಡಿಸಿದಾಗ ಆ ಕಲಮು ನಾಪತ್ತೆ! ವಾಗ್ದಾನ ಉಳಿಯಿತು.

ಇದೇ ಪ್ರಶ್ನೆಯನ್ನು ಗಿರೀಶ ಕಾರ್ನಾಡರ 'ತುಘಲಕ್' ಮೊದಲ ದೃಶ್ಯದಲ್ಲೇ ಎತ್ತುತ್ತದೆ, ಅದೂ ಬಲು ತುಂಟತನದಿಂದ. ಸುಲ್ತಾನನ ಮೇಲೆಯೇ ಒಬ್ಬ ಬ್ರಾಹ್ಮಣ ದಾವೆ ಹೂಡುತ್ತಾನೆ, ಕಾಜಿ ಅವನ ಪರ ತೀರ್ಪು ಕೊಡುತ್ತಾನೆ, ಸುಲ್ತಾನ ತಲೆಬಾಗಿ ಪರಿಹಾರವನ್ನೂ ನೌಕರಿಯನ್ನೂ ಕೊಡುತ್ತಾನೆ. ನೋಡಲು ಇದಕ್ಕಿಂತ ಚೆಂದದ ಕಾನೂನಿನ ಆಳ್ವಿಕೆ ಬೇಕೇ? ಆದರೆ ತನ್ನ ಮೇಲೆ ದಾವೆ ಹೂಡಬಹುದು ಎಂದು ಅಪ್ಪಣೆ ಕೊಟ್ಟವನು ಸುಲ್ತಾನನೇ. ರಾಜಧಾನಿ ದೆಹಲಿಯಿಂದ ದೌಲತಾಬಾದಿಗೆ ಹೋಗಬೇಕು ಎಂದಾಗ ಅದನ್ನು ಯಾವ ಕಾಜಿಯೂ ತಡೆಯಲಾರ. ಆ ಬ್ರಾಹ್ಮಣನೂ ಬ್ರಾಹ್ಮಣನಲ್ಲ, ವೇಷ ಹಾಕಿದ ಅಜೀಜ. ಆನೆ ತನ್ನ ಸೊಂಡಿಲಲ್ಲೇ ಅಂಕುಶ ಹಿಡಿದು ಮೆರವಣಿಗೆ ಹೊರಟರೆ ಅದಕ್ಕೆ ನಿರಂಕುಶ ಎಂದೇ ಹೇಳಬೇಕು.

ಮಾವುತ ತಾನಾಗಿ ಅಂಕುಶ ಕೆಳಗಿಡುವುದೂ ಉಂಟು. 1975ರ ತುರ್ತು ಪರಿಸ್ಥಿತಿಯಲ್ಲಿ ಬಂಧನಕ್ಕೊಳಗಾದವರು ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ತಮ್ಮ ಬಂಧನ ಕಾನೂನುಬದ್ಧವೇ ಎಂದು ಪರಿಶೀಲಿಸಲು ಕೋರ್ಟನ್ನು ಕೋರುವ ಅರ್ಜಿ, ಹಾಕಬಹುದೇ ಎಂಬ ಪ್ರಶ್ನೆ ಭಾರತದ ಸುಪ್ರೀಂ ಕೋರ್ಟಿಗೆ ಬಂತು. ಪೊಲೀಸನೊಬ್ಬ ಸ್ವಂತ ದ್ವೇಷಕ್ಕೆ ಯಾರನ್ನಾದರೂ ಕೊಂದರೂ ಪರಿಹಾರವಿಲ್ಲವೇ ಎಂದು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕೇಳಿದರು, ತಮ್ಮ ವಾದದ ಪ್ರಕಾರ ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲ ಎಂದರು ಅಟಾರ್ನಿ ಜನರಲ್. 1976ರ ಏಪ್ರಿಲ್ 28ರಂದು ನಾಲ್ವರು ಸರ್ಕಾರದ ವಾದವನ್ನು ಒಪ್ಪಿದರು, ಖನ್ನಾ ಒಬ್ಬರೇ ಒಪ್ಪಲಿಲ್ಲ. ಮುಂದೆ ಮುಖ್ಯ ನ್ಯಾಯಮೂರ್ತಿ ಹುದ್ದೆ ಅವರನ್ನು ದಾಟಿ ಕಿರಿಯರಿಗೆ ಹೋಯಿತು. ಈ ಪ್ರಕರಣದ ಬಗ್ಗೆ ಬರೆಯುವಾಗ ನಿರಂಕುಶ ಎಂಬ ಪದ ಬಳಸಿದರೆ ನನ್ನ ತಕರಾರಿಲ್ಲ. ಪದ ಇರುವುದೇ ಇಂಥದ್ದಕ್ಕೆ. 1978ರ 44ನೆಯ ತಿದ್ದುಪಡಿ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕನ್ನು ತುರ್ತು ಪರಿಸ್ಥಿತಿಯಲ್ಲೂ ಅಮಾನತಿನಲ್ಲಿಡದಂತೆ ಮಾಡಿತು.

ಕೊನೆಗೆ ಸಮಾನತೆಯ ವಿಷಯ. ಸಮಾನತೆ ತರಲು ಹೊರಟ ಸರ್ಕಾರ ನಿರಂಕುಶವಾಗಿಯೇ ತೀರುತ್ತದೆ ಎಂಬ ವಾದವನ್ನು ಸೂತ್ರದಂತೆ ಒಪ್ಪಿಸುವವರಿದ್ದಾರೆ. ಫ್ರಾನ್ಸಿನ ಚಿಂತಕ ಮಾಂಟೆಸ್ಕ್ಯೂ 1748ರಲ್ಲೇ ಇದಕ್ಕಿಂತ ಹರಿತವಾಗಿ ನೋಡಿದ್ದ: ಗಣರಾಜ್ಯದಲ್ಲಿ ಎಲ್ಲರೂ ಸಮಾನರು, ಏಕೆಂದರೆ ಅಲ್ಲಿ ಅವರೇ ಎಲ್ಲವೂ, ನಿರಂಕುಶ ರಾಜ್ಯದಲ್ಲೂ ಎಲ್ಲರೂ ಸಮಾನರು, ಏಕೆಂದರೆ ಅಲ್ಲಿ ಅವರು ಏನೂ ಅಲ್ಲ. ಅಂದರೆ ಸಮಾನತೆ ಎರಡೂ ಕಡೆ ಇರಬಲ್ಲದು, ಅದನ್ನೇ ಅಳತೆಗೋಲಾಗಿ ಹಿಡಿದರೆ ಏನೂ ಗೊತ್ತಾಗುವುದಿಲ್ಲ.

ಆ ವಾದದವರ ಅಚ್ಚುಮೆಚ್ಚಿನ ಸಾಕ್ಷಿ ಅಮೆರಿಕದ ಲೇಖಕ ಕರ್ಟ್ ವಾನಗಟ್ 1961ರಲ್ಲಿ ಪ್ರಕಟಿಸಿದ 'ಹ್ಯಾರಿಸನ್ ಬರ್ಜೆರಾನ್' ಕತೆ. 2081ರ ಅಮೆರಿಕ, ಸಂವಿಧಾನದ ತಿದ್ದುಪಡಿಗಳ ಬಲದಿಂದ ಎಲ್ಲರನ್ನೂ ಸಮಮಾಡಲಾಗಿದೆ. ಬಲಶಾಲಿಗಳ ಕೊರಳಿಗೆ ಭಾರದ ಚೀಲ, ಚೆಲುವರಿಗೆ ಮುಖವಾಡ, ಬುದ್ಧಿವಂತರ ಕಿವಿಯಲ್ಲಿ ಯೋಚನೆ ಕತ್ತರಿಸುವ ಸದ್ದು. ಸಮಾನತೆ ಹೀಗೇ ಕೊನೆಗೊಳ್ಳುವುದು ಎಂದು ಕತೆಯನ್ನು ಮಡಿಚಿ ಜೇಬಿಗಿಟ್ಟುಕೊಳ್ಳುತ್ತಾರೆ. ಕತೆಯಲ್ಲಿ ನಡೆಯುವುದನ್ನು ಇನ್ನೊಮ್ಮೆ ನೋಡಿ. ಹದಿನಾಲ್ಕು ವರ್ಷದ ಹುಡುಗ ಸೆರೆಮನೆಯಿಂದ ತಪ್ಪಿಸಿಕೊಂಡು ಟಿವಿ ಸ್ಟುಡಿಯೋಗೆ ನುಗ್ಗಿ ನಾನೇ ಚಕ್ರವರ್ತಿ, ಎಲ್ಲರೂ ನಾನು ಹೇಳಿದಂತೆ ಕೇಳಬೇಕು ಎಂದು ಕೂಗುತ್ತಾನೆ. ಈ ವಿವರವನ್ನು ಉಲ್ಲೇಖಿಸುವವರು ಕಡಿಮೆ. ಆಮೇಲೆ ಈ ತೊಡಕುಗಳನ್ನು ಹೇರುವ ಇಲಾಖೆಯ ಮುಖ್ಯಸ್ಥೆ ಬಂದೂಕು ಹಿಡಿದು ಬರುತ್ತಾಳೆ, ವಿಚಾರಣೆಯಿಲ್ಲದೆ ಅವನನ್ನೂ ಜೊತೆಗಿದ್ದ ನರ್ತಕಿಯನ್ನೂ ಗುಂಡಿಟ್ಟು ಕೊಲ್ಲುತ್ತಾಳೆ. ಅಲ್ಲಿ ಬಲವಿದ್ದ ಎಲ್ಲರ ಕೊರಳಿಗೂ ಭಾರವಿದೆ, ಆಕೆಯ ಕೈಗೆ ಮಾತ್ರ ಇಲ್ಲ. ಅವಳನ್ನು ಯಾವ ಕೋರ್ಟಿಗೆ ಕರೆಯಬಹುದಿತ್ತು ಎಂಬುದನ್ನು ಕತೆ ಹೇಳುವುದೇ ಇಲ್ಲ.