ಜ್ವರ ಬಿಟ್ಟ ಮೇಲೂ ಮಗುವಿನ ಹೃದಯದ ಸ್ಕ್ಯಾನ್ ಯಾಕೆ?

ಪ್ರಶ್ನೆ: ನಾವು ಸೋಮವಾರಪೇಟೆ ಕಡೆಯವರು. ತಂಗಿ ಗರ್ಭಿಣಿ, ಈಗ 27ನೇ ವಾರ. ಮೂರು ವಾರದ ಹಿಂದೆ ಜ್ವರ, ಮೈಮೇಲೆ ದದ್ದು, ಕೀಲುನೋವು ಬಂದು ವಾಸಿಯಾಯಿತು. ರಕ್ತ ಪರೀಕ್ಷೆಯಲ್ಲಿ ಪಾರ್ವೊ ವೈರಸ್ ಎಂದು ಬಂದಿದೆ. ಐದನೇ ತಿಂಗಳ ಸ್ಕ್ಯಾನ್ ನಾರ್ಮಲ್ ಇತ್ತು. ಆದರೂ ಮೈಸೂರಿಗೆ ಹೋಗಿ ಫೀಟಲ್ ಎಕೋ, ಅಂದರೆ ಹೊಟ್ಟೆಯಲ್ಲಿರುವ ಮಗುವಿನ ಹೃದಯದ ಸ್ಕ್ಯಾನ್, ಮಾಡಿಸಿ ಅನ್ನುತ್ತಾರೆ. ಬೇಕೇ?

ಉತ್ತರ: ಬೇಕು, ಈ ವಾರವೇ ಮಾಡಿಸಿ. ಐದನೇ ತಿಂಗಳಲ್ಲಿ ನೋಡಿದ್ದು ಹೃದಯದ ರಚನೆ. ಅದೂ ಜ್ವರಕ್ಕೆ ಮುಂಚೆ. ಈಗ ತಿಳಿಯಬೇಕಾದ್ದು ಹೃದಯ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂಬುದು. ಪಾರ್ವೊ ಮಗುವಿನಲ್ಲಿ ಕೆಂಪು ರಕ್ತಕಣ ಹುಟ್ಟುವುದನ್ನೇ ತಡೆಯುತ್ತದೆ, ಕೆಲವೊಮ್ಮೆ ಹೃದಯದ ಸ್ನಾಯುವಿಗೂ ತಗಲುತ್ತದೆ. ರಕ್ತ ಕಡಿಮೆಯಾದರೆ ಹೃದಯ ಮೈಮುರಿದು ದುಡಿಯುತ್ತದೆ. ಸೋತರೆ ಹೊಟ್ಟೆ, ಎದೆ, ಚರ್ಮದಡಿ ನೀರು ತುಂಬುತ್ತದೆ.

ಮೊದಲು ನೋಡುವುದು ಮಗುವಿನ ಮೆದುಳಿನ ಮಧ್ಯದ ರಕ್ತನಾಳದಲ್ಲಿ ರಕ್ತ ಹರಿಯುವ ಗರಿಷ್ಠ ವೇಗ. 28ನೇ ವಾರಕ್ಕೆ ಅದು ಸೆಕೆಂಡಿಗೆ ಸುಮಾರು 37 ಸೆಂ.ಮೀ. ಇರುತ್ತದೆ, ಅದರ ಒಂದೂವರೆ ಪಟ್ಟು, ಅಂದರೆ 55 ದಾಟಿದರೆ ರಕ್ತಹೀನತೆಯ ಶಂಕೆ ಬಲವಾಗುತ್ತದೆ. ಎಡವಟ್ಟಾಗುವುದು ಇಲ್ಲೇ. ಡಾಪ್ಲರ್ (ರಕ್ತದ ವೇಗ ಅಳೆಯುವ ಸ್ಕ್ಯಾನ್) ಗೆರೆ ನಾಳದ ನೇರಕ್ಕೆ ಇರದೆ ಓರೆಯಾದರೆ ವೇಗ ಕಡಿಮೆ ತೋರಿಸಿ ರಕ್ತಹೀನತೆ ತಪ್ಪಿಹೋಗುತ್ತದೆ. ಮಗು ಒದ್ದಾಡುತ್ತಿದ್ದರೂ ಅಳತೆ ನೆಚ್ಚುವ ಹಾಗಿಲ್ಲ. ಮಗು ಸುಮ್ಮನಾಗುವವರೆಗೆ ಕಾಯಿಸಿದರೆ ಬೇಸರ ಬೇಡ, ಅದೇ ಸರಿಯಾದ ಕೆಲಸ.

ಆಮೇಲೆ ಹೃದಯ. ಅದು ಎದೆಗೂಡಿನ ಮೂರನೇ ಒಂದು ಭಾಗಕ್ಕಿಂತ ದೊಡ್ಡದಾಗಿದೆಯೇ, ಸುತ್ತ ನೀರಿದೆಯೇ, ಬಲಗಡೆಯ ಕವಾಟ ಸೋರುತ್ತಿದೆಯೇ, ಬಡಿತ ನಿಮಿಷಕ್ಕೆ 110ರಿಂದ 160ರೊಳಗೆ ಇದೆಯೇ ಎಂದು ನೋಡುತ್ತಾರೆ. ರಿಪೋರ್ಟಿನಲ್ಲಿ ಟೇ ಇಂಡೆಕ್ಸ್ ಎಂದೂ ಬರೆದಿರಬಹುದು. ಕವಾಟಗಳೆಲ್ಲ ಮುಚ್ಚಿರುವ ಎರಡು ಚಿಕ್ಕ ಅವಧಿಗಳನ್ನು ಕೂಡಿಸಿ, ರಕ್ತ ಹೊರಹೋಗುವ ಅವಧಿಯಿಂದ ಭಾಗಿಸಿದ ಲೆಕ್ಕ ಅದು. ಸ್ನಾಯು ಸೊರಗಿದರೆ ಏರುತ್ತದೆ. ಆದರೆ ಮಿಲಿಸೆಕೆಂಡುಗಳ ಲೆಕ್ಕವಾದ್ದರಿಂದ ಗುರುತು ಸ್ವಲ್ಪ ಸರಿದರೂ ಉತ್ತರ ಬದಲಾಗುತ್ತದೆ. ಉಳಿದದ್ದೆಲ್ಲ ಸರಿಯಿದ್ದು ಇದೊಂದೇ ಹೆಚ್ಚಿದ್ದರೆ ಗಾಬರಿಯಾಗಬೇಡಿ, ಮತ್ತೊಮ್ಮೆ ಅಳೆಸಿ.

ಒಂದೇ ಸಲಕ್ಕೆ ಮುಗಿಯುವುದಿಲ್ಲ. ಸೋಂಕಾದ ದಿನದಿಂದ 12 ವಾರದವರೆಗೆ, ವಾರ ಅಥವಾ ಎರಡು ವಾರಕ್ಕೊಮ್ಮೆ ಡಾಪ್ಲರ್ ಬೇಕು. ಮಳೆಗಾಲದಲ್ಲಿ ಪ್ರತಿಸಲ ಮೈಸೂರಿಗೆ ಓಡುವುದು ಕಷ್ಟ. ಪೂರ್ತಿ ಎಕೋ ಅಲ್ಲಿ ಮಾಡಿಸಿ, ನಡುವಿನ ವೇಗದ ಅಳತೆಯನ್ನು ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಮಾಡಬಲ್ಲವರಿದ್ದಾರೆಯೇ ಎಂದು ನಿಮ್ಮ ಡಾಕ್ಟರನ್ನು ಕೇಳಿ. ತಾಯಿ ಕಾರ್ಡ್, ಮೊದಲ ಸ್ಕ್ಯಾನ್, ರಕ್ತದ ರಿಪೋರ್ಟ್ ಜೊತೆಗಿರಲಿ. ವಾರದ ಲೆಕ್ಕ ತಪ್ಪಿದರೆ ಅಳತೆಗೆ ಅರ್ಥವಿಲ್ಲ. ತೀವ್ರ ರಕ್ತಹೀನತೆ ಕಂಡರೆ ಗರ್ಭದಲ್ಲೇ ಮಗುವಿಗೆ ರಕ್ತ ಕೊಡುವ ಚಿಕಿತ್ಸೆ ದೊಡ್ಡ ಕೇಂದ್ರಗಳಲ್ಲಿದೆ.

ಸಾಮಾನ್ಯ ನೆಗಡಿ ಜ್ವರಕ್ಕೆಲ್ಲ ಎಕೋ ಬೇಕಿಲ್ಲ. ಆದರೆ ಮಗುವಿನ ಒದೆತ ಕಡಿಮೆಯಾಯಿತು ಅನ್ನಿಸಿದರೆ ಮುಂದಿನ ತಾರೀಖಿಗೆ ಕಾಯದೆ, ರಾತ್ರಿಯಾದರೂ ಸರಿ, ಹತ್ತಿರದ ಹೆರಿಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.